ನಿಮಗ್ಯಾಕ ತ್ರಾಸ

ಹೊಳೆದಂಡೆ ಓಣಿ, ತೆಗ್ಗಿನಹಾಳ
ಇಸವಿ ೨೨೧೭, ಮರುಶ್ರಾವಣ ಬಹುಳ ತದಿಗೆ

ತೆಗ್ಗಿನಹಾಳ ಗ್ರಾಮ ಪಂಚಾಯಿತಿಯ ಅಧ್ಯಕ್ಷರು ಹಾಗೂ ಸರ್ವ ಸದಸ್ಯರಿಗೆ,

ವಿಷಯ: ನೀವು ಇವತ್ತು ಪಾಸು ಮಾಡಲಿರುವ ಠರಾವಿನ ಹನ್ನೊಂದನೆಯ ಕಲಮನ್ನು ಹೊಡೆದುಹಾಕುವ ಕುರಿತು.

ಮಾನ್ಯರೇ,

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರು ಬರೆದ ಅರ್ಜಿ ಎಂದು ಪಿಡಿಒ ಸಾಹೇಬರು ಇದನ್ನು ಪಕ್ಕಕ್ಕಿಡುವ ಮೊದಲು ಎರಡು ಮಾತು. ತಾರೀಖು ಸರಿಯಾಗಿಯೇ ಇದೆ. ಮರುಶ್ರಾವಣ ಎಂಬ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ ಎಂದು ಬಲ್ಲೆ. ಮಳೆ ನಿಲ್ಲದ ವರ್ಷಗಳಲ್ಲಿ ಶ್ರಾವಣವನ್ನು ಇನ್ನೊಮ್ಮೆ ಎಣಿಸುವ ಪದ್ಧತಿ ನಮ್ಮಲ್ಲಿ ಬಂದು ಮೂರು ತಲೆಮಾರು ಕಳೆದಿವೆ. ಆ ತಿಂಗಳಿಗೆ ಸಂಬಳವಿಲ್ಲ, ಹಬ್ಬಗಳು ಮಾತ್ರ ಎರಡೆರಡು ಸಲ. ನಾನು ಬಳಸುವ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮೆ ಇರಲಿ. ಅಲ್ಲಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ. ನಿಮ್ಮ ಮಾತು ನಮಗೆಷ್ಟು ವಿಚಿತ್ರವಾಗಿದೆ ಎಂಬುದನ್ನೂ ಹೇಳುತ್ತೇನೆ. ಅದಕ್ಕೆ ನೀವು ಕ್ಷಮೆ ಕೇಳುವುದೇನೂ ಬೇಡ, ಒಂದು ಕಲಮು ಹೊಡೆದುಹಾಕಿದರೆ ಸಾಕು.

ನಾನು ಸಾವಂತ್ರೆವ್ವ ಅಂಬಿಗೇರ. ವಯಸ್ಸು ಎಪ್ಪತ್ತು ದಾಟಿದೆ, ಕೌದಿ ಹೊಲಿಯುವುದು ನನ್ನ ಕೆಲಸ. ಹರೆಯದಲ್ಲಿ ಮಾಳಿಗೆಯ ಮೇಲಿಂದ ಬಿದ್ದೆ. ಅಂದಿನಿಂದ ಸೊಂಟದ ಕೆಳಗಿನದೆಲ್ಲ ಹೆಸರಿಗಷ್ಟೇ ನನ್ನದು. ನನ್ನ ತಂಗಿಯ ಮಗಳು ನಿಂಬೆವ್ವ, ಅವಳ ಗಂಡ, ಅವರ ಮೂವರು ಮಕ್ಕಳು ಮತ್ತು ಒಂದು ಪುಂಡ ಎಮ್ಮೆ, ಇವರೆಲ್ಲರ ಗದ್ದಲದ ನಡುವೆ ಕಿಟಕಿಯ ಪಕ್ಕದ ಮಂಚ ನನ್ನದು. ಈ ಪತ್ರ ನಿಮಗೆ ತಲುಪುವುದು ಹಿಂದಂಚೆಯಿಂದ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ನಿಮಗೆ ನಿಮ್ಮ ಫೋನು ಹೇಗೆ ಮಾತಾಡುತ್ತದೆಂದು ಗೊತ್ತೇ? ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನ ಓರಗೆಯವಳೊಬ್ಬಳು ತನ್ನ ಕಾಗದವನ್ನು ಮುತ್ತಜ್ಜನಿಗೆ, 'ಆ ಜಗಳಗಂಟಿಯನ್ನು ಮದುವೆಯಾಗಬೇಡ' ಎಂದು ಬರೆದು ಮುಗಿಸಿದಳು. ಅವನು ಕೇಳಲಿಲ್ಲ. ಕೇಳಿದ್ದರೆ ಇವಳು ಇರುತ್ತಿರಲಿಲ್ಲ. ನಾನು ಇಷ್ಟು ವರ್ಷ ಜೋಪಾನ ಮಾಡಿಟ್ಟ ಕಾಗದವನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಮೊದಲು ಹೊಗಳಬೇಕಾದದ್ದನ್ನು ಹೊಗಳಿ ಮುಗಿಸುತ್ತೇನೆ. ನಿಮ್ಮ ಕಾಲದಲ್ಲಿ ಗಂಜಿ ಕೇಂದ್ರವನ್ನು ಕಾಳಜಿ ಕೇಂದ್ರ ಎಂದು ಕರೆಯತೊಡಗಿದರಂತೆ. ಆಮೇಲೆ ಅದಕ್ಕೆ ಇನ್ನೂ ನಾಲ್ಕು ಹೆಸರು ಬಂದುಹೋದವು. ಈಗ ನಾವು ಅದನ್ನು ಏರುಮನೆ ಎನ್ನುತ್ತೇವೆ, ಹೊಳೆ ಬಂದಾಗ ಊರೆಲ್ಲ ಏರಿಹೋಗಿ ಕೂಡುವ ಮನೆ. ಹೆಸರು ಬದಲಾದಾಗಲೆಲ್ಲ ಬೋರ್ಡು ಬದಲಾಯಿತು, ಗಂಜಿ ಮಾತ್ರ ಅದೇ ಜೋಳದ ನುಚ್ಚಿನ ಗಂಜಿ. ಆದರೆ ಆ ಮನೆಯನ್ನು ಸಂತೆಯ ಬಯಲಿನಲ್ಲಿ ಕಟ್ಟದೆ ದಿಬ್ಬದ ಮೇಲೆ ಕಟ್ಟಬೇಕೆಂದು ಹಟ ಹಿಡಿದವರು ನೀವು. ದನ ಬಿಟ್ಟು ಜನ ಬರುವುದಿಲ್ಲ, ಆದ್ದರಿಂದ ಮೊದಲು ದನ, ಆಮೇಲೆ ಜನ ಎಂದು ಬರೆದವರು ನೀವು. ಇವತ್ತಿಗೂ ಏರುಮನೆಯ ಕೆಳಗಿನ ಅಂತಸ್ತು ಪೂರ್ತಿ ಕೊಟ್ಟಿಗೆ. ಕೀಲಿ ಒಬ್ಬರ ಹತ್ತಿರ ಇರಬಾರದು, ಮೂರು ಓಣಿಯ ಮೂರು ಮನೆಯಲ್ಲಿರಬೇಕು ಎಂದಿರಿ. ಒಂದೇ ಒಲೆ, ಒಂದೇ ಪಂಕ್ತಿ, ಒಲ್ಲದವನು ಉಪವಾಸ ಇರಲಿ ಎಂದಿರಿ. ಹೆಂಗಸರ ಪಾಯಖಾನೆಯ ದಾರಿಯಲ್ಲಿ ದೀಪ ಇರಲೇಬೇಕು ಎಂದಿರಿ. ಬೇಸಗೆಯಲ್ಲಿ ಮನೆಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೂಡಿಹಾಕುವ ಪದ್ಧತಿಯನ್ನೂ ನೀವೇ ಹಾಕಿಕೊಟ್ಟಿರಿ. ಎರಡು ಮಹಾಪೂರಗಳಲ್ಲಿ ಸುತ್ತಲಿನ ಊರುಗಳು ಗುಳೆ ಹೋದವು, ತೆಗ್ಗಿನಹಾಳ ಉಳಿಯಿತು. ನೀವು ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ನೀವು ಊರನ್ನು ಉಳಿಸಿದಿರಿ ಎಂಬುದೇ ಈಗ ಕುತ್ತಿಗೆಗೆ ಬಂದಿದೆ. ನಿಮ್ಮ ಠರಾವನ್ನು ನಾವು ಮೂಲಠರಾವು ಎನ್ನುತ್ತೇವೆ. ವರ್ಷಕ್ಕೊಮ್ಮೆ, ಮರುಶ್ರಾವಣ ಬಿದ್ದರೆ ಎರಡು ಸಲ, ಊರೆಲ್ಲ ಎದ್ದು ನಿಂತು ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತದೆ. 'ಚಹಾ ಹಾಗೂ ಮಿರ್ಚಿ ಭಜಿ ಸೇವನೆಯ ನಂತರ ಸಭೆ ಮುಂದುವರಿಯಿತು' ಎಂಬ ಸಾಲು ಬಂದಾಗ ಹೆಂಗಸರು ಸೆರಗು ಹೊದ್ದು ಕೈಮುಗಿಯುತ್ತಾರೆ. ಆವತ್ತು ಮಿರ್ಚಿ ಭಜಿಯೇ ಪ್ರಸಾದ, ಕಾರ ತಡೆಯದ ಮಕ್ಕಳೂ ಕಣ್ಣೀರು ಸುರಿಸಿಕೊಂಡು ತಿನ್ನುತ್ತವೆ. ತಾಲ್ಲೂಕು ಕಚೇರಿಯವರು ಕೈಯಾಡಿಸಬಾರದೆಂದು ನೀವು ಕೊನೆಯಲ್ಲಿ ಒಂದು ಮಾತು ಸೇರಿಸಿದಿರಿ: 'ಈ ಠರಾವನ್ನು ಇದೇ ಸಭೆಯ ಹೊರತು ಬೇರೆ ಯಾರೂ ತಿದ್ದತಕ್ಕದ್ದಲ್ಲ.' ತಾಲ್ಲೂಕು ಕಚೇರಿ ಹೋಯಿತು, ತಾಲ್ಲೂಕೇ ಹೋಯಿತು, ಆ ಮಾತು ನಿಂತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನಿಮ್ಮ ಕಾಲದ ಗಾದೆ. ನಮ್ಮಲ್ಲಿ ಪೂಜಾರಿ ಕೊಡಲು ಸಿದ್ಧವಿದ್ದರೂ ದೇವರ ಸಹಿ ಬೇಕು, ದೇವರೆಂದರೆ ನೀವು.

ಇನ್ನು ಹನ್ನೊಂದನೆಯ ಕಲಮು. ಅದು ನನಗೆ ಬಾಯಿಪಾಠ. 'ಸದಸ್ಯರಾದ ಶ್ರೀ ದುಂಡಪ್ಪ ಅಂಬಿಗೇರ ಇವರ ಸೂಚನೆಯಂತೆ, ನಡೆಯಲಾಗದ ವೃದ್ಧರು, ಬಾಣಂತಿಯರು ಹಾಗೂ ಅಂಗವಿಕಲರಿಗೆ ತೊಂದರೆಯಾಗಬಾರದೆಂದು ಅವರನ್ನು ವಾರ್ಷಿಕ ಅಣಕು ಕಾರ್ಯಾಚರಣೆಯಿಂದ ಕೈಬಿಡಲಾಗಿದೆ. ಅವರ ಬದಲಿಗೆ ಬೇರೆಯವರನ್ನು ಬಳಸಿಕೊಳ್ಳತಕ್ಕದ್ದು. ಸರ್ವಾನುಮತದಿಂದ ಅಂಗೀಕರಿಸಲಾಯಿತು.' ಹೇಗೆ ಅಂಗೀಕಾರವಾಗುತ್ತದೆಂದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಭಜಿಯ ಎಣ್ಣೆ ಕೈಯಲ್ಲೇ ಇದೆ. ಕಡೆಯ ಬಸ್ಸಿಗೆ ಹೊತ್ತಾಗುತ್ತಿದೆ. ದುಂಡಪ್ಪ ಎದ್ದು ನಿಂತು, "ಮುದುಕ್ರು ತದಕ್ರನ್ನ ಸುಮ್ಮ ಯಾಕ ಎಳದಾಡೂದ್ರಿ? ಅವರಿಗ್ಯಾಕ ತ್ರಾಸ? ಖರೇ ಹೊಳಿ ಬಂದಾಗ ಹೊತಗೊಂಡು ಹೋದ್ರಾತು" ಎನ್ನುತ್ತಾನೆ. ಒಳ್ಳೆಯ ಮನಸ್ಸಿನ ಮಾತು. ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಎಲ್ಲರೂ ಕೈ ಎತ್ತುತ್ತೀರಿ. ಆ ದುಂಡಪ್ಪ ನನ್ನ ಅಜ್ಜನ ಅಜ್ಜನಿಗೂ ಹಿರಿಯನು. ಇವತ್ತು ಅವನ ಪಟಕ್ಕೆ ಹಾರ ಹಾಕುವವರು, ಅವನ ವಂಶದವಳನ್ನು ಹೊರಲು ಬಾರದೆ ಹೊಳೆಗೆ ಬಿಟ್ಟುಕೊಡಲು ತಯಾರಾಗಿದ್ದಾರೆ.

ಹೇಗೆ ಎಂದು ಹೇಳುತ್ತೇನೆ. ಹೊಳೆ ಬಂತೆಂದು ನಟಿಸಿ ದಿಬ್ಬ ಏರಿ ನೋಡುವ ನಿಮ್ಮ ಅಣಕು ಕಾರ್ಯಾಚರಣೆ ನಮ್ಮಲ್ಲಿ ಏರುಹಬ್ಬವಾಗಿದೆ. ಜನ ಬರುವುದಿಲ್ಲ ಎಂದು ಯಾರೋ ಜಾಣರು ಅದಕ್ಕೆ ಹೋಳಿಗೆ ಸೇರಿಸಿದರು. ಆಮೇಲೆ ಭಾಷಣ ಸೇರಿತು, ಶಾಲು ಸೇರಿತು, ಹಣ್ಣಿನ ಬುಟ್ಟಿ ಸೇರಿತು. ಬೆಳಿಗ್ಗೆ ಕಹಳೆ ಕೂಗಿದ ಕೂಡಲೇ ಹೊಸ ಬಟ್ಟೆ ತೊಟ್ಟು, ದನಗಳ ಕೊಂಬಿಗೆ ಬಣ್ಣ ಬಳಿದು, ಓಣಿಓಣಿಯವರು ಸಾಲಾಗಿ ದಿಬ್ಬ ಏರುತ್ತಾರೆ. ನಡೆಯಲಾರದವರನ್ನು ಹೊರಲು ಹೊರೆಗತ್ತೆಗಳಿವೆ. ಇವು ನಿಮ್ಮ ಕಾಲದ ಕತ್ತೆಗಳಲ್ಲ, ಯಂತ್ರಗಳು. ನಾಲ್ಕು ಕಾಲು, ಬೆನ್ನ ಮೇಲೆ ಜೋಳಿಗೆಯಂಥ ಹಾಸು, ಮುಂದೆ ಎರಡು ಮೆತ್ತನೆಯ ಕೈ. ಕೆಸರು, ಮೆಟ್ಟಿಲು, ಎದೆಮಟ್ಟದ ನೀರು, ಯಾವುದಕ್ಕೂ ಜಗ್ಗುವುದಿಲ್ಲ. ಒಂದೇ ಕೊರತೆ, ಕಲಿಸಿದಷ್ಟೇ ಕಲಿಯುತ್ತವೆ. ಯಾರನ್ನು ಎಲ್ಲಿಂದ ಎತ್ತಬೇಕು, ಅವರ ತೂಕವೆಷ್ಟು, ಎಲ್ಲಿ ಮುಟ್ಟಿದರೆ ನೋವು, ಬಾಗಿಲು ಎಷ್ಟು ಅಗಲ ಎಂಬುದನ್ನೆಲ್ಲ ಎತ್ತಿ ಎತ್ತಿಯೇ ತಿಳಿಯಬೇಕು. ಎತ್ತಿ ನೋಡದವರನ್ನು ಅವು ಹೊಳೆಯ ದಿನ ಎತ್ತುವುದಿಲ್ಲ, ಎತ್ತಿದರೆ ಎಲುಬು ಮುರಿದೀತೆಂಬ ಭಯವನ್ನು ಅವುಗಳ ತಲೆಗೆ ತುಂಬಿಟ್ಟಿದ್ದಾರೆ.

ಹೊಳೆದಂಡೆ ಓಣಿಯ ಹೊರೆಗತ್ತೆ ನನಗಾಗಿಯೇ ಇದೆ. ಅದರ ಹಣೆಯ ಮೇಲೆ ನನ್ನ ಹೆಸರು ಕೊರೆದಿದ್ದಾರೆ. ಆದರೆ ಹನ್ನೊಂದನೆಯ ಕಲಮಿನ ಪ್ರಕಾರ ನನಗೆ ತ್ರಾಸ ಕೊಡುವಂತಿಲ್ಲವಲ್ಲ! ಹಾಗಾಗಿ ನನ್ನ ಬದಲು ಭೀಮಶಿಯನ್ನು ಎತ್ತುತ್ತದೆ. ಭೀಮಶಿ ಚೌಕದಲ್ಲಿ ದರ್ಜಿ ಅಂಗಡಿ ಇಟ್ಟವನು, ನಲವತ್ತರ ಆಸುಪಾಸು, ಹುರಿಮೀಸೆ, ಬಯಲಾಟದಲ್ಲಿ ಹೆಣ್ಣುವೇಷಕ್ಕೆ ಹೆಸರಾದವನು. ಏರುಹಬ್ಬದ ಹಿಂದಿನ ದಿನ ಮನೆಗೆ ಬಂದು, "ಆಯಿ, ನಿಮ್ಮದೊಂದು ಹಳೇ ಸೀರಿ ಕೊಡ್ರಿ" ಎಂದು ಒಯ್ಯುತ್ತಾನೆ. ಅದನ್ನು ಉಟ್ಟು, ಮೀಸೆಗೆ ಸೆರಗು ಮುಚ್ಚಿ, ಚೌಕದ ಕಟ್ಟೆಯ ಮೇಲೆ ಮಲಗಿ ನರಳುತ್ತಾನೆ. ಚೌಕದಲ್ಲೇ ಯಾಕೆಂದರೆ ನಮ್ಮ ಓಣಿ ಇಕ್ಕಟ್ಟು, ವೇದಿಕೆಯ ಮೇಲಿನ ಅತಿಥಿಗಳಿಗೆ ಕಾಣುವುದಿಲ್ಲ. ಕತ್ತೆ ಬಂದು ಅವನನ್ನು ಎತ್ತುತ್ತದೆ, ಊರು ಚಪ್ಪಾಳೆ ತಟ್ಟುತ್ತದೆ. ನಾನು ಕಿಟಕಿಯಿಂದ, ನನ್ನ ಸೀರೆಯುಟ್ಟ ನಾನು ದಿಬ್ಬ ಏರುವುದನ್ನು ನೋಡುತ್ತೇನೆ. ಎರಡು ಸಲ ಅವನಿಗೆ ಉತ್ತಮ ಪಾತ್ರಧಾರಿ ಎಂದು ಬಹುಮಾನ ಬಂದಿದೆ. ಅವನು ನರಳುವ ಹಾಗೆ ನಾನು ಜನ್ಮದಲ್ಲಿ ನರಳಿಲ್ಲ.

ನಾನು ಬಾಯಿ ಮುಚ್ಚಿಕೊಂಡು ಕೂತವಳೆಂದು ತಿಳಿಯಬೇಡಿ. ಏರುಮನೆಯಲ್ಲಿ ಜನ ಹೊದೆಯುವ ಕೌದಿಗಳೆಲ್ಲ ಹೆಚ್ಚು ಕಡಿಮೆ ನನ್ನ ಕೈಯವು, ಹಳೆಯ ಧೋತರ, ಹಳೆಯ ಸೀರೆ, ಸತ್ತವರ ಅಂಗಿ ಕೂಡಿಸಿ ಹೊಲಿದವು. ಅವನ್ನು ಹಾಸಿದ ಜಾಗವನ್ನು ಒಮ್ಮೆ ನೋಡಬೇಕು, ನನ್ನನ್ನು ಒಮ್ಮೆ ಹೊತ್ತುಕೊಂಡು ಹೋಗಿ ಎಂದು ಬಂದ ಪ್ರತಿಯೊಬ್ಬ ಅಧ್ಯಕ್ಷರಿಗೂ ಹೇಳಿದ್ದೇನೆ. ಈಗಿನ ಅಧ್ಯಕ್ಷೆ ಇಂದುಮತಿ ಸೊಗಲದ ನಯವಾದ ಹೆಣ್ಣುಮಗಳು. ಕಾಲು ಮುಟ್ಟಿ ನಮಸ್ಕಾರ ಮಾಡಿ, "ಆಯಿ, ನಿಮಗ್ಯಾಕ ತ್ರಾಸ? ನೀವು ಆರಾಮ ಇರ್ರಿ, ನಾವೆಲ್ಲಾ ಅದೀವಲ್ಲ" ಎನ್ನುತ್ತಾಳೆ. "ನನಗ ತ್ರಾಸ ಬೇಕಾಗೇದವ್ವಾ" ಎಂದರೆ ನಗುತ್ತಾಳೆ. ಬಯ್ದರೆ ಉತ್ತರ ಕೊಡಬಹುದಿತ್ತು, ಇಂಥ ಮರ್ಯಾದೆಗೆ ಏನು ಉತ್ತರ ಕೊಡಬೇಕು?

ಈ ವರ್ಷದ ಮೊದಲನೆಯ ಶ್ರಾವಣದಲ್ಲಿ ಹೊಳೆ ಬಂತು. ದೊಡ್ಡದಲ್ಲ, ನಡುತರದ್ದು. ನೀರಗಂಟಿ ಮಧ್ಯಾಹ್ನವೇ ಕೂಗಿತು. ನಿಮ್ಮಲ್ಲಿ ನೀರಗಂಟಿ ಎಂದರೆ ಕೆರೆಯ ನೀರು ಬಿಡುವ ಮನುಷ್ಯ, ನಮ್ಮಲ್ಲಿ ಅದು ಹೊಳೆಯ ಮನಸ್ಸು ಮೊದಲೇ ತಿಳಿದು ಹೇಳುವ ಕಂಬ. ಕೂಗಿದ ಕೂಡಲೇ ಎಲ್ಲರೂ ನಿಮ್ಮ ಠರಾವಿನ ಪ್ರಕಾರ ನಡೆದುಕೊಂಡರು. ನಿಂಬೆವ್ವ ಅಡುಗೆ ತಂಡದವಳು, ಒಲೆ ಹಚ್ಚಲು ಮೊದಲು ಓಡಬೇಕು. ಅವಳ ಗಂಡ ಎಮ್ಮೆ ಹೊಡೆದುಕೊಂಡು ಹೋದ, ಮೊದಲು ದನ. ಮಕ್ಕಳು ಶಾಲೆಯ ಸಾಲಿನಲ್ಲಿ ಹೋದವು. "ದೊಡ್ಡವ್ವಾ, ಕತ್ತಿ ಬರ್ತದ, ಅಂಜಬ್ಯಾಡ" ಎಂದು ನಿಂಬೆವ್ವ ಬಾಗಿಲಲ್ಲೇ ಕೂಗಿ ಹೇಳಿ ಹೋದಳು. ನಾನೂ ನಂಬಿ, ಕೌದಿ ಮಡಚಿ, ಕನ್ನಡಕ ಸೆರಗಿಗೆ ಕಟ್ಟಿಕೊಂಡು ಕೂತೆ. ಕತ್ತೆ ಬಂತು. ಓಣಿಯ ಬಾಯಲ್ಲಿ ಅದರ ದೀಪ ಕಂಡಿತು. ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ, ಸೀದಾ ಚೌಕಕ್ಕೆ ಹೋಯಿತು. ಅಲ್ಲಿ ಭೀಮಶಿ ಬಟ್ಟೆಯ ಥಾನುಗಳನ್ನು ಅಟ್ಟಕ್ಕೇರಿಸುತ್ತಿದ್ದನಂತೆ. ಕತ್ತೆ ಅಂಗಡಿಗೆ ನುಗ್ಗಿ, ಅವನನ್ನು ಬಲು ಮೆತ್ತಗೆ, ಸೊಂಟಕ್ಕೆ ನೋವಾಗದ ಹಾಗೆ ಎತ್ತಿ ಬೆನ್ನಿಗೆ ಹಾಕಿಕೊಂಡು, ದಿಬ್ಬ ಏರಿತು. ಅಷ್ಟು ವರ್ಷ ಊರೆಲ್ಲ ಕೂಡಿ ಅದಕ್ಕೆ ಕಲಿಸಿದ್ದು ಅದನ್ನೇ.

ಏರುಮನೆಯ ಬಾಗಿಲಲ್ಲಿ ನಡೆದದ್ದನ್ನು ಭೀಮಶಿಯೇ ನನಗೆ ಹೇಳಿದ. ಕತ್ತೆ ಒಳಗೆ ಕಾಲಿಟ್ಟ ಕೂಡಲೇ ಗೋಡೆಯ ಹಲಗೆಯ ಮೇಲೆ ನನ್ನ ಹೆಸರಿನ ಮುಂದೆ ಹಸಿರು ದೀಪ ಹತ್ತಿತು, ಸಾವಂತ್ರೆವ್ವ ಬಂದಳು ಎಂದು. ಮಕ್ಕಳು ರೂಢಿಯಂತೆ ಚಪ್ಪಾಳೆ ತಟ್ಟಿದವು. ಇಂದುಮತಿ ಮುಖ ಕೆಂಪಗೆ ಮಾಡಿಕೊಂಡು, "ಭೀಮಶಿ, ನಾಚಿಕಿ ಬರೂದಿಲ್ಲೇನೋ ನಿನಗ? ಖರೇ ಹೊಳಿ ಬಂದಾಗರ ಹುಡುಗಾಟ ಬಿಡೋ. ಆಯಿಗೆ ಇಟ್ಟ ಕತ್ತಿ ಮ್ಯಾಲ ಕುಂತು ಬಂದೀಯಲ್ಲ" ಎಂದಳು. ಇವನು, "ಅಕ್ಕಾರ, ನಾ ಕುಂತಿಲ್ಲರಿ, ಅದ ಎತಗೊಂಡು ಬಂತು! ಆಯಿ ಇನ್ನೂ ಮನ್ಯಾಗ ಅದಾಳ, ಖರೇನ ಹೇಳಾಕತ್ತೀನಿ" ಎಂದು ಬಾಯಿ ಬಡಿದುಕೊಂಡ. ಹಿಂದಿನಿಂದ ಯಾರೋ, "ಈ ಸಲ ಭಾರೀ ಮಾಡಾಕತ್ತಾನ ಬಿಡ್ರಿ" ಎಂದು ಮೆಚ್ಚಿಕೊಂಡರಂತೆ. ಇನ್ನೊಬ್ಬರು ಹಲಗೆ ತೋರಿಸಿ, "ಆಯಿ ಬಂದಾಳಲ್ಲೋ, ನೋಡಲ್ಲಿ, ಹಸರ ದೀಪ" ಎಂದರು. ನಿಂಬೆವ್ವ ಒಲೆಯ ಮುಂದೆ ಕೂತೇ ಹಸಿರು ದೀಪ ನೋಡಿ ನಿಟ್ಟುಸಿರು ಬಿಟ್ಟಳು. ನನಗೆಂದು ಮೆತ್ತಗೆ ಬೇಯಿಸಿದ ಗಂಜಿಯನ್ನು ಯಾರದೋ ಕೈಯಲ್ಲಿ ಕಳಿಸಿಯೂ ಬಿಟ್ಟಳು. ಅದನ್ನು ಅವರು ಭೀಮಶಿಯ ಕೈಗೆ ಕೊಟ್ಟರು.

ಅವನು ಗಂಜಿ ಅಲ್ಲೇ ಇಟ್ಟು ದಿಬ್ಬ ಇಳಿದು ಓಡಿಬಂದ. ಅವನ ಹೊಟ್ಟೆ ತಣ್ಣಗಿರಲಿ. ಅಷ್ಟು ಹೊತ್ತಿಗೆ ನೀರು ಹೊಸ್ತಿಲು ದಾಟಿ ಒಳಗೆ ಬಂದು, ನನ್ನ ಚಪ್ಪಲಿಗಳನ್ನು ತೇಲಿಸುತ್ತಿತ್ತು. ನಡೆಯದವಳಿಗೆ ಚಪ್ಪಲಿ ಯಾಕೆ ಎಂದು ನೀವು ಕೇಳಬಹುದು, ಅದು ನನ್ನ ಖುಷಿ. ಭೀಮಶಿ ನನ್ನನ್ನು ಎತ್ತಲು ನೋಡಿದ. ಮೊದಲ ಸಲ ಕೈ ಜಾರಿತು, ಎರಡನೆಯ ಸಲ ನಾನೂ ಅವನೂ ಕೂಡಿ ಮಂಚದ ಮೇಲೆ ಬಿದ್ದೆವು. ಇಷ್ಟು ವರ್ಷ ಹೊರಿಸಿಕೊಂಡವನಿಗೆ ಹೊರುವುದು ಹೇಗೆಂದು ಗೊತ್ತೇ ಇರಲಿಲ್ಲ. ಮಂಚ ಸಮೇತ ಎಳೆದರೆ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು, ಬಾಗಿಲಿಗಿಂತ ಮಂಚ ಅಗಲ. ಒಂದೇ ಒಂದು ಏರುಹಬ್ಬದಲ್ಲಿ ನನ್ನನ್ನು ಎತ್ತಿ ನೋಡಿದ್ದರೆ ಆ ಬಾಗಿಲನ್ನು ಎಂದೋ ಅಗಲ ಮಾಡಿಸುತ್ತಿದ್ದರು. ಕೊನೆಗೆ ಈ ವರ್ಷ ಹೊಲಿದ ಕೌದಿಗಳನ್ನೆಲ್ಲ ಮಂಚದ ಮೇಲೆ ಒಟ್ಟಿ, ನನ್ನನ್ನು ಅವುಗಳ ತುದಿಗೆ ಕೂರಿಸಿ, ಬೀಳದ ಹಾಗೆ ಹಿಡಿದುಕೊಂಡು ಅವನು ಸೊಂಟಮಟ್ಟದ ನೀರಿನಲ್ಲಿ ನಿಂತ. ಕೌದಿಗಳು ಕೆಳಗಿನಿಂದ ಒಂದೊಂದಾಗಿ ನೆನೆಯುತ್ತಾ ಬಂದವು. ನಾನು ಹೆದರಿದ್ದೆ. ಇಷ್ಟು ಬಾಯಿಯವಳು ಎಂದುಕೊಳ್ಳುವ ನಾನು ಆ ದರ್ಜಿಯ ಕೊರಳು ತಬ್ಬಿಕೊಂಡು ಅತ್ತೆ. ಅವನೂ ಅತ್ತ. ಅವನ ಆ ಅಳುವಿನಲ್ಲಿ ನಟನೆ ಇರಲಿಲ್ಲ, ಸ್ವಲ್ಪವೂ ಚೆನ್ನಾಗಿರಲಿಲ್ಲ. ಕೌದಿಯ ರಾಶಿ ಇನ್ನೂ ಎರಡು ಗೇಣು ಉಳಿದಿರುವಾಗ ಹೊಳೆ ನಿಂತಿತು.

ಊರು ಬುದ್ಧಿ ಕಲಿತಿರಬೇಕು ಎಂದುಕೊಳ್ಳುತ್ತಿದ್ದೀರಾ? ನಿಮ್ಮ ಮಕ್ಕಳು ಮೊಮ್ಮಕ್ಕಳನ್ನು ನೀವು ಇನ್ನೂ ಅರಿತಿಲ್ಲ. ಮೂರನೆಯ ದಿನ ಇಂದುಮತಿ ಹಣ್ಣಿನ ಬುಟ್ಟಿ, ಶಾಲು ಹಿಡಿದುಕೊಂಡು ಪರಿವಾರ ಸಮೇತ ಬಂದು, ನನಗೆ ಸನ್ಮಾನ ಮಾಡಿದಳು! ಹೊಳೆಯಲ್ಲಿ ಮುಳುಗದೆ ಉಳಿದದ್ದಕ್ಕೆ. ಕಣ್ಣಲ್ಲಿ ನೀರು ತಂದುಕೊಂಡು, "ಆಯಿ, ನಿಮಗ ಭಾಳ ತ್ರಾಸ ಆತು" ಎಂದಳು. ಆ ಕಣ್ಣೀರು ಖರೆಯದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ನಮ್ಮ ಅಂಗಳದಲ್ಲೇ ಸಭೆ ಸೇರಿತು. ತಪ್ಪು ಎಲ್ಲಿ ಆಯಿತು ಎಂದು ಬಹಳ ಹೊತ್ತು ಚರ್ಚೆ ನಡೆಯಿತು. ಒಬ್ಬರು ಭೀಮಶಿಗೆ ಈಚೆಗೆ ಬೊಜ್ಜು ಬಂದಿದೆ, ಪಾತ್ರಕ್ಕೆ ಹೊಂದುವುದಿಲ್ಲ ಎಂದರು. ಇನ್ನೊಬ್ಬರು ಮಳೆಗಾಲದ ನಾಲ್ಕು ತಿಂಗಳು ಪಾತ್ರಧಾರಿಯನ್ನು ನಮ್ಮ ಮನೆಯಲ್ಲೇ ಇರಿಸಿದರೆ ಕತ್ತೆ ತಾನಾಗಿ ಇಲ್ಲಿಗೆ ಬರುತ್ತದೆ ಎಂದರು. ನಾನು ಒಳಗಿನಿಂದ ಕೂಗಿದೆ: "ಏ, ನನ್ನ ಎತ್ತರೋ! ನನ್ನ ಎತ್ತಿ ಕತ್ತಿಗೆ ತೋರಸರೋ!" ಆಮೇಲೆ ಇಂದುಮತಿ ಒಳಗೆ ಬಂದು, ದನಿ ತಗ್ಗಿಸಿ, "ಹನ್ನೊಂದನೇ ಕಲಮು ಅದನಲ್ರಿ ಆಯಿ. ನಾವು ಹ್ಯಾಂಗ ಮುರಿಯೂದು? ಅದೂ ನಿಮ್ಮ ಹಿರೇರ ಮಾತು" ಎಂದಳು. ಪಾತ್ರಧಾರಿಯನ್ನು ಬದಲಿಸುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಭೀಮಶಿ ಮಾತ್ರ ಕೈ ಎತ್ತಲಿಲ್ಲ, ಅವನಿಗೆ ಪಾತ್ರ ಹೋದ ಬೇಸರ ಎಂದು ಎಲ್ಲರೂ ಅಂದುಕೊಂಡರು.

ನಿಂಬೆವ್ವನ ಗಂಡ ಬಾಗಿಲು ಅಗಲ ಮಾಡಿಸುತ್ತೇನೆ ಎನ್ನುತ್ತಿದ್ದಾನೆ, ಒಳ್ಳೆಯದು. ನಿಂಬೆವ್ವ ಈ ಸಲ ಒಲೆ ಬಿಟ್ಟು ನನ್ನ ಬಳಿ ಕೂರುತ್ತೇನೆ ಎಂದು ಅಳುತ್ತಾಳೆ. ಅವಳು ಕೂತರೆ ಏನಾಗುತ್ತದೆ? ನನ್ನ ಜೊತೆ ಅವಳೂ ಹೊಳೆ ಪಾಲು. ಗಂಜಿಯೂ ಇಲ್ಲ. ಏಕೆಂದರೆ ಈಗ ಬರುವ ನೀರು ನಡುತರದ್ದಲ್ಲ. ಅಮಾವಾಸ್ಯೆಯೊಳಗೆ ಹಿಂದಿನ ಎರಡು ಮಹಾಪೂರಗಳಷ್ಟೇ ದೊಡ್ಡದು ಬರುತ್ತದೆ ಎಂದು ನೀರಗಂಟಿ ಹೇಳುತ್ತಿದೆ. ನಮ್ಮ ಮನೆಯ ಮಾಳಿಗೆ ಮುಳುಗುತ್ತದೆ. ಆ ರಭಸದಲ್ಲಿ ಮನುಷ್ಯರು ಮನುಷ್ಯರನ್ನು ಹೊತ್ತು ದಿಬ್ಬ ಏರಲಾರರು, ಕತ್ತೆಯೇ ಬೇಕು. ಕತ್ತೆಗೆ ನಾನು ಗೊತ್ತಿಲ್ಲ. ನಾನೊಬ್ಬಳೇ ಅಲ್ಲ, ಊರಿನಲ್ಲಿ ಕೈಬಿಡಲಾದವರು ಎಷ್ಟೋ ಮಂದಿ ಇದ್ದಾರೆ. ಮೇಲಿನ ಓಣಿಯ ಬಾಣಂತಿಯರ ಬದಲು ಪ್ರತಿ ವರ್ಷ, ಕೂಸೆಂದು ಒಂದು ಕುಂಬಳಕಾಯಿ ಹಿಡಿದುಕೊಂಡು ಶಾಲೆಯ ಮಾಸ್ತರರು ಹೋಗುತ್ತಾರೆ. ಹೊಳೆಯ ದಿನ ಕುಂಬಳಕಾಯಿ ಕ್ಷೇಮವಾಗಿ ಏರುಮನೆ ಸೇರುವುದರಲ್ಲಿ ನನಗೆ ಸಂಶಯವಿಲ್ಲ.

ಆದ್ದರಿಂದ ಮಾನ್ಯರೇ, ಇಡೀ ಠರಾವಿನಲ್ಲಿ ಇದೊಂದೇ ಕಲಮು. ಇವತ್ತು ಚಹಾ ಕುಡಿದು, ಭಜಿ ತಿಂದು, ದುಂಡಪ್ಪ ಎದ್ದು ನಿಂತಾಗ ದಯವಿಟ್ಟು ಯಾರಾದರೂ ಒಬ್ಬರು ಬೇಡ ಎನ್ನಿ. ಬಸ್ಸು ತಪ್ಪಿದರೆ ತಪ್ಪಲಿ. ಅವನ ಸೂಚನೆಯ ಜಾಗದಲ್ಲಿ ಹೀಗೆ ಬರೆಯಿರಿ: ನಡೆಯಲಾಗದವರನ್ನು ಮೊದಲು ಎತ್ತಬೇಕು, ಅವರನ್ನೇ ಎತ್ತಬೇಕು, ಅವರ ಮನೆ ಬಾಗಿಲಿನಿಂದಲೇ ಎತ್ತಬೇಕು. ದೊಡ್ಡ ಬುದ್ಧಿಯ ಮಾತೇನಲ್ಲ. ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗಲೂ ಒಮ್ಮೆ ಸಾರು ನೆಕ್ಕಿ ನೋಡುತ್ತೀರಿ.

ದುಂಡಪ್ಪಾ, ನಿನಗೆ ಬೇರೆಯಾಗಿ ಎರಡು ಮಾತು. ನಿನ್ನನ್ನು ಅಜ್ಜ ಎನ್ನಲೋ, ಮಗನೇ ಎನ್ನಲೋ ತಿಳಿಯದು. ನೀನು ಆವತ್ತು ಎದ್ದು ನಿಲ್ಲುವುದು ಯಾರನ್ನು ನೆನೆದು ಎಂದು ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತು. ನಿನ್ನವ್ವ ಯಮನವ್ವ ಹಾಸಿಗೆ ಹಿಡಿದಿದ್ದಾಳೆ. ಊರ ಮುಂದೆ ಅವಳನ್ನು ಗೋಣಿಚೀಲದ ಹಾಗೆ ಹೊತ್ತು ತಿರುಗಿಸುವುದು ನಿನಗೆ ಬೇಡ. ನಿನಗೆ ಅವಳ ಮೇಲೆ ಪ್ರೀತಿ ಇದೆ, ಅವಳ ಬಾಯಿಗೆ ಅಂಜಿಕೆಯೂ ಇದೆ. ನಾನು ಅವಳ ಜಾಗದಲ್ಲಿ ಮಲಗಿದವಳು, ನನ್ನ ಮಾತು ಕೇಳು. ಅವಳಿಗೆ ತ್ರಾಸ ಆಗುತ್ತದೆ. ಸೊಂಟ ನೋಯುತ್ತದೆ, ಸೀರೆ ಸರಿಯುತ್ತದೆ, ನಾಲ್ಕು ಜನ ನೋಡುತ್ತಾರೆ. ದಿಬ್ಬ ಏರುವವರೆಗೂ ನಿನ್ನ ಏಳು ತಲೆಮಾರನ್ನು ಬಯ್ಯುತ್ತಾಳೆ, ಅದರಲ್ಲಿ ನಾನೂ ಬಂದೆ. ಬಯ್ಯಲಿ. ಬಯ್ಯುವವಳನ್ನು ಹೊತ್ತುಕೊಂಡು ಹೋಗುವುದನ್ನು ಕಲಿ. ಮೇಲೆ ಹೋದಮೇಲೆ ಅವಳನ್ನು ಕಿಟಕಿಯ ಪಕ್ಕ ಕೂರಿಸು. ಊರು ಮೇಲಿನಿಂದ ಹೇಗೆ ಕಾಣುತ್ತದೆಂದು ಅವಳೂ ನೋಡಲಿ.

ನೀವು ಕಲಮು ಹೊಡೆದುಹಾಕಿದರೆ ಇಲ್ಲಿ ಏನಾಗುತ್ತದೆ, ಈ ಪತ್ರ ಬರೆದದ್ದು ನನಗೆ ನೆನಪಿರುತ್ತದೋ ಇಲ್ಲವೋ ತಿಳಿಯದು. ಹಿಂದಂಚೆಯವರನ್ನು ಕೇಳಿದರೆ ಅವರಿಗೂ ತಿಳಿಯದು. ನಾಳೆ ಚೌತಿ, ಈ ವರ್ಷದ ಎರಡನೆಯ ಏರುಹಬ್ಬ. ಹೊಸ ಪಾತ್ರಧಾರಿ ಸಂಜೆಯೇ ಬಂದು ಸೀರೆ ಕೇಳಿದ. ಕೊಡಲಿಲ್ಲ, ಇದ್ದುದರಲ್ಲಿ ಒಳ್ಳೆಯದನ್ನು ತೆಗೆದು ನಾನೇ ಉಟ್ಟಿದ್ದೇನೆ. ಚಪ್ಪಲಿ ಮೆಟ್ಟಿದ್ದೇನೆ. ಬಾಗಿಲು ತೆರೆದೇ ಇಡಲು ನಿಂಬೆವ್ವನಿಗೆ ಹೇಳಿದ್ದೇನೆ. ಬೆಳಿಗ್ಗೆ ಯಾರಾದರೂ ನನ್ನನ್ನು ಎತ್ತಲು ಬಂದರೆ, ಅವರನ್ನು ಬಯ್ಯುವುದಕ್ಕೆ ಬೇಕಾದ ಮಾತುಗಳನ್ನೆಲ್ಲ ಕೂಡಿಸಿಟ್ಟುಕೊಂಡು ಕಾಯುತ್ತಿರುತ್ತೇನೆ.

ಇಂತಿ ನಿಮ್ಮವಳು,
ಕೈಬಿಡಲಾದ ಸಾವಂತ್ರೆವ್ವ ಅಂಬಿಗೇರ